ಖಾಸಗಿ ಚಿಕಿತ್ಸಾಲಯಗಳ ತಪಾಸಣೆ (ನವಿಲುತೀರ್ಥ ಪ್ರದೇಶ)

ಮಲಪ್ರಭಾ ಅಣೆಕಟ್ಟಿನ ನವಿಲುತೀರ್ಥ, ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಭಾಗದ ಖಾಸಗಿ ದವಾಖಾನೆಗಳಿಗೆ ಅನ್ವಯಿಸುವುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007. ನೋಂದಣಿ ಕಡ್ಡಾಯ, ಅವಧಿ 5 ವರ್ಷ. ಬೆಳಗಾವಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ನೋಂದಣಿ, ತಪಾಸಣೆ ನೋಡಿಕೊಳ್ಳುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಅಧಿನಿಯಮದ 2017ರ ತಿದ್ದುಪಡಿಯನ್ನು ವಿರೋಧಿಸಿ ಆ ವರ್ಷದ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದರು. ಆದರೂ ತಿದ್ದುಪಡಿಯಿಂದ ಪ್ರಾಧಿಕಾರಕ್ಕೆ ಕುಂದುಕೊರತೆ ನಿವಾರಣೆಯ ಹೊಣೆಯೂ ಬಂತು.

ತಪಾಸಣೆಯ ನಿಜವಾದ ಪರೀಕ್ಷೆ ಗೋಡೆಗೆ ತೂಗಿದ ಪ್ರಮಾಣಪತ್ರವಲ್ಲ, ಇಂಜೆಕ್ಷನ್ ಮೇಜಿನ ಕೆಳಗಿನ ಡಬ್ಬಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಬಳಸಿದ ಸೂಜಿ ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ, ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ ಹೋಗಬೇಕು. ಸಂಸ್ಕರಿಸದ ತ್ಯಾಜ್ಯವನ್ನು ಸಾಮಾನ್ಯವಾಗಿ 48 ಗಂಟೆ ಮೀರಿ ಇಡುವಂತಿಲ್ಲ. ಇನ್ನು 2007ರ ಅಧಿನಿಯಮದಂತೆ ಶುಲ್ಕದ ಪಟ್ಟಿಯನ್ನು ರೋಗಿಗಳಿಗೆ ಕಾಣುವಂತೆ ಹಾಕಬೇಕು.