ಗಂಧಕದ ಹೊಗೆ, ಟೋಗಾದ ಬಿಳುಪು

ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೇಯಿಯಲ್ಲಿ ಬಟ್ಟೆ ಮಡಿಮಾಡುವ ದೊಡ್ಡದೊಂದು ಕಾರ್ಖಾನೆಯಿತ್ತು. ಅದರ ಕಂಬದ ಮೇಲಿನ ಚಿತ್ರಗಳು ಈಗ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿವೆ. ಆಳುಗಳು ತೊಟ್ಟಿಯೊಳಗೆ ನಿಂತು ಬಟ್ಟೆ ತುಳಿಯುತ್ತಿದ್ದಾರೆ. ಒಬ್ಬ ಗಳುವಿನ ಮೇಲೆ ಇಳಿಬಿಟ್ಟ ಬಟ್ಟೆಯನ್ನು ಬಾಚುತ್ತಿದ್ದಾನೆ. ಇನ್ನೊಬ್ಬ ದೊಡ್ಡ ಹೆಣಿಗೆಯ ಪಂಜರ ಹೊತ್ತು, ಕೈಯಲ್ಲಿ ಗಂಧಕದ ಪಾತ್ರೆ ಹಿಡಿದು ಬರುತ್ತಿದ್ದಾನೆ. ಪಂಜರದ ನೆತ್ತಿಯಲ್ಲೊಂದು ಗೂಬೆ ಕೂತಿದೆ. ಅದು ಅಗಸರು ಪೂಜಿಸುತ್ತಿದ್ದ ಮಿನರ್ವಾ ದೇವತೆಯ ಹಕ್ಕಿ.

ಕೆಂಪು ವೈನಿನ ಕಲೆಗೆ ಮದ್ದು ಇದ್ದದ್ದು ಬಟ್ಟೆ ಹೊದಿಸಿ ಅಡಿಯಲ್ಲಿ ಗಂಧಕ ಉರಿಸುತ್ತಿದ್ದ ಈ ಪಂಜರದಲ್ಲೇ.

ರೋಮಿನ ಸಿರಿವಂತರು ಎಡಮೊಣಕೈಯೂರಿ, ಮಂಚದ ಮೇಲೆ ಒರಗಿ ಉಣ್ಣುತ್ತಿದ್ದರು, ಹಾಗೆಯೇ ಕುಡಿಯುತ್ತಿದ್ದರು. ಮೈಮೇಲೆ ಉಣ್ಣೆಯ ಬಟ್ಟೆ. ಮೈಗೆ ಸುತ್ತಿಕೊಳ್ಳುವ ಭಾರದ ಟೋಗಾ ಔತಣಕ್ಕೆ ಒಗ್ಗದೆ ಸಿಂಥೆಸಿಸ್ ಎಂಬ ಹಗುರ ಉಡುಪೇ ಬಳಕೆಗೆ ಬಂತು. ಒಂದೇ ಊಟದಲ್ಲಿ ಹನ್ನೊಂದು ಸಲ ಅದನ್ನು ಬದಲಿಸಿದವನನ್ನು ಕವಿ ಮಾರ್ಷಿಯಲ್ ಗೇಲಿ ಮಾಡಿದ್ದಾನೆ. ಕಲೆಯಾದ ಇಂಥ ಬಟ್ಟೆಗಳೆಲ್ಲ ಕೊನೆಗೆ ಬಂದು ಬೀಳುತ್ತಿದ್ದದ್ದು ಅಗಸರ ತೊಟ್ಟಿಗೆ.

ಅಲ್ಲಿನ ಕ್ರಮವನ್ನು ರೋಮನ್ ಲೇಖಕ ಹಿರಿಯ ಪ್ಲಿನಿ ಬರೆದಿಟ್ಟಿದ್ದಾನೆ. ಮೊದಲು ಸಾರ್ಡೀನಿಯಾದ ಮಣ್ಣಿನಲ್ಲಿ ತೊಳೆಯಬೇಕು, ಆಮೇಲೆ ಗಂಧಕದ ಹೊಗೆ ಕೊಡಬೇಕು, ಬಣ್ಣ ಗಟ್ಟಿಯಾಗಿದ್ದರೆ ಕಿಮೋಲೋಸ್ ದ್ವೀಪದ ಮಣ್ಣಿನಿಂದ ಉಜ್ಜಬೇಕು. ಕಳ್ಳಬಣ್ಣವಾದರೆ ಹೊಗೆಗೆ ಕಪ್ಪಿಡುತ್ತದೆ ಎಂಬ ಎಚ್ಚರಿಕೆಯೂ ಅವನಲ್ಲಿದೆ. ತೊಳೆಯಲು ಹಳಸಿದ ಮೂತ್ರವನ್ನೂ ಬಳಸುತ್ತಿದ್ದರು. ಅದರಲ್ಲಿನ ಅಮೋನಿಯಾ ಎಂಬ ಕ್ಷಾರ ಜಿಡ್ಡನ್ನು ಬಿಡಿಸುತ್ತಿತ್ತು. ನಮ್ಮ ಮಡಿವಾಳರ ಚೌಳುಮಣ್ಣು ಮಾಡುತ್ತಿದ್ದ ಕೆಲಸವೂ ಅದೇ.

ಆದರೆ ವೈನಿಗೆ ಕ್ಷಾರವೊಂದೇ ಸಾಲದು. ದ್ರಾಕ್ಷಿ ಸಿಪ್ಪೆಯ ಆಂಥೋಸಯಾನಿನ್ ಎಂಬ ಬಣ್ಣ ಹುಳಿಯಲ್ಲಿ ಕೆಂಪು. ಕ್ಷಾರ ತಾಗಿದರೆ ನೀಲಿಗೆ ತಿರುಗುತ್ತದೆ. ಅಂದರೆ ಕಲೆ ಹೋಗುವ ಬದಲು ಬಣ್ಣ ಬದಲಿಸಿ ಅಲ್ಲೇ ಕೂರಬಹುದು. ಗಂಧಕ ಉರಿದಾಗ ಹುಟ್ಟುವ ಸಲ್ಫರ್ ಡೈಆಕ್ಸೈಡ್ ಒದ್ದೆ ಉಣ್ಣೆಯೊಳಕ್ಕೆ ಇಳಿದು ಆ ಬಣ್ಣದ ಕಣಕ್ಕೇ ಅಂಟಿಕೊಂಡು ಅದನ್ನು ಬಣ್ಣಗೆಡಿಸುತ್ತದೆ. ಇದೇ ಅನಿಲವನ್ನು ಹೆಚ್ಚು ಬೆರೆಸಿದರೆ ಕೆಂಪು ವೈನ್ ಪೇಲವವಾಗುತ್ತದೆಂದು ಇಂದಿನ ವೈನ್ ತಯಾರಕರಿಗೂ ಗೊತ್ತು. ಹಳೆಯ, ಬಲಿತ ಕಲೆ ಮಾತ್ರ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಉಣ್ಣೆಯನ್ನು ಕರಗಿಸಿಬಿಡುವ ಇಂದಿನ ಕ್ಲೋರಿನ್ ಬ್ಲೀಚಿಗೆ ಹೋಲಿಸಿದರೆ ಆ ಹೊಗೆ ಬಟ್ಟೆಗೆ ಎಷ್ಟೋ ಮೃದು. ಅನಿಲವೆಂಬ ಹೆಸರೇ ಇಲ್ಲದ ಕಾಲದಲ್ಲಿ ಕೈಯ ಅನುಭವದಿಂದಲೇ ದಕ್ಕಿದ ಈ ಜ್ಞಾನ ಸಣ್ಣದಲ್ಲ.

ಹೊಗೆಯ ಘಾಟು ಬಡಿಯುತ್ತಿದ್ದದ್ದು ಮಾತ್ರ ಕೆಲಸಗಾರರ ಮೂಗಿಗೆ. ಎರಡನೆಯ ಶತಮಾನದ ಅಪುಲೀಯಸ್‌ನ ಕಾದಂಬರಿಯಲ್ಲಿ ಅಗಸನ ಹೆಂಡತಿ ತನ್ನ ಮಿಂಡನನ್ನು ಇಂಥದೇ ಪಂಜರದಡಿ ಬಚ್ಚಿಡುತ್ತಾಳೆ. ಅವನು ಸೀನಿ ಸೀನಿ ಸಿಕ್ಕಿಬೀಳುತ್ತಾನೆ.

ಕಾನೂನೂ ಈ ಕಸುಬಿನ ಮೇಲೆ ಕಣ್ಣಿಟ್ಟಿತ್ತು. ಒಗೆಯಲು ಕೊಟ್ಟ ಬಟ್ಟೆಯನ್ನು ಇಲಿ ಕಡಿದರೆ ಅಗಸನೇ ಹೊಣೆ ಎಂದು ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಬರೆದ. ಹಾಗೆಂದು ಅಗಸರು ಸುಮ್ಮನೆ ತಲೆಬಾಗಿದವರಲ್ಲ. ರೋಮಿನಲ್ಲಿ ತಮ್ಮಿಂದ ಬಾಡಿಗೆ ಕೇಳಿದವರ ವಿರುದ್ಧ ಅವರು ಕ್ರಿ.ಶ. 226ರಿಂದ 244ರವರೆಗೆ ವ್ಯಾಜ್ಯ ನಡೆಸಿದರು, ಗೆದ್ದರು, ತೀರ್ಪನ್ನು ಕಲ್ಲಿನಲ್ಲಿ ಕೊರೆಸಿದರು.