ಕ್ಯಾಸನೂರು ಕಾಡಿನ ಜ್ವರ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರನ್ನು 1957ಕ್ಕೆ ಮೊದಲು ಜಿಲ್ಲೆಯ ಹೊರಗೆ ಕೇಳಿದವರು ಬಹಳ ಮಂದಿ ಇದ್ದಿರಲಾರರು. ಇಂದು ಜಗತ್ತಿನ ಯಾವ ದೇಶದಲ್ಲಿ ವೈರಸ್‌ಗಳ ಬಗ್ಗೆ ಪಾಠ ಹೇಳಿದರೂ ಆ ಹೆಸರು ಬರುತ್ತದೆ. ಊರವರು ಬಯಸಿ ಪಡೆದ ಕೀರ್ತಿಯಲ್ಲ ಅದು.

ಆ ವರ್ಷದ ಬೇಸಿಗೆಯ ಹೊತ್ತಿಗೆ ಕಾಡಂಚಿನ ಹಳ್ಳಿಗಳಲ್ಲಿ ಒಂದು ಜ್ವರ ಹಬ್ಬಿತ್ತು. ಥಟ್ಟನೆ ಏರುವ ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟದಲ್ಲೂ ಮೀನಖಂಡಗಳಲ್ಲೂ ತಡೆಯಲಾರದ ನೋವು, ಕೆಂಪೇರಿದ ಕಣ್ಣು. ಕೆಲವರಿಗೆ ವಾಂತಿ, ಭೇದಿ. ಇನ್ನು ಕೆಲವರಿಗೆ ಮೂಗು, ಒಸಡು, ಕರುಳುಗಳಿಂದ ರಕ್ತಸ್ರಾವ. ಇಂಥ ರೋಗಿಯನ್ನು ಕಂಡ ವೈದ್ಯರಿಗೆ ಮೊದಲು ಹೊಳೆಯಬಹುದಾದದ್ದು ಟೈಫಾಯಿಡ್, ಅಂದರೆ ವಿಷಮಶೀತ ಜ್ವರ. ಎರಡರ ಹೋಲಿಕೆ ಅಷ್ಟಿದೆ. ಜ್ವರ ಏರಿದಷ್ಟು ನಾಡಿ ಏರುವುದಿಲ್ಲ, ರಕ್ತದಲ್ಲಿ ಬಿಳಿಕಣಗಳು ಕಡಿಮೆಯಾಗುತ್ತವೆ, ಕರುಳಿನಿಂದ ರಕ್ತ ಹೋಗಬಹುದು. ಟೈಫಾಯಿಡ್ಡಿನಲ್ಲೂ ಹೀಗೆಯೇ.

ಆದರೆ ಟೈಫಾಯಿಡ್ ತರುವುದು ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರು ಅದಕ್ಕೆ ಬಂದಿದೆ. 1885ರಲ್ಲಿ ಹಂದಿಗಳಲ್ಲಿ ಈ ಕುಲದ ಒಂದು ಜೀವಿಯನ್ನು ಕಂಡುಹಿಡಿದವರು ಮಾತ್ರ ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್. ಹೆಸರು ಮೇಲಧಿಕಾರಿಗೆ ಹೋಯಿತು. ಈ ಕುಲದ ಹಲವು ಬಗೆಗಳು ಕೋಳಿ, ದನ, ಹಂದಿಗಳಲ್ಲಿದ್ದು ಮೊಟ್ಟೆ, ಮಾಂಸ, ಹಸಿ ಹಾಲಿನ ಮೂಲಕ ನಮಗೆ ಬರುತ್ತವೆ. ಟೈಫಾಯಿಡ್ಡಿನದು ಹಾಗಲ್ಲ. ಅದಕ್ಕೆ ಮನುಷ್ಯನೊಬ್ಬನೇ ಆಶ್ರಯ. ಮನುಷ್ಯನ ಮಲ ಸೇರಿದ ನೀರು, ಆಹಾರಗಳೇ ಅದರ ದಾರಿ. ಸೊರಬದ ಕಾಡಿನಲ್ಲಿ ಆಗುತ್ತಿದ್ದುದೇ ಬೇರೆ. ಅಲ್ಲಿ ಜನರ ಜೊತೆಗೆ ಮಂಗಗಳೂ, ಕಪ್ಪು ಮೋರೆಯ ಮುಸಿಯಗಳೂ ಸಾಯುತ್ತಿದ್ದವು.

ಕಾಡಿನಲ್ಲಿ ಮಂಗ ಸಾಯುವುದು, ಹಳ್ಳಿಯಲ್ಲಿ ಜ್ವರ ಬರುವುದು: ಈ ಜೋಡಿಯನ್ನು ಕೇಳಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬೆಚ್ಚಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಸ್ಥಾಪಿಸಿದ್ದ ಕೇಂದ್ರ ಅದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬರುವುದು ಹೀಗೆಯೇ. ಅದನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದ್ದರೂ ರೋಗ ಮಾತ್ರ ಭಾರತಕ್ಕೆ ಕಾಲಿಟ್ಟಿರಲಿಲ್ಲ. 1957ರ ಮಾರ್ಚ್‌ನಲ್ಲಿ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ತನಿಖೆಗಿಳಿದರು. ಸತ್ತ ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಇಲಿಮರಿಗಳಿಗೆ ಚುಚ್ಚಿದಾಗ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ವಸಂತದಿಂದ ಬೇಸಿಗೆಯವರೆಗೆ ಕಾಣುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಬಂಧು!

ರಷ್ಯಾದ ರೋಗವನ್ನು ಹರಡುವುದು ಉಣ್ಣಿ, ನಮ್ಮ ಮಲೆನಾಡಿನ ಮಾತಿನಲ್ಲಿ ಉಣುಗು. ಆದ್ದರಿಂದ ಸೊಳ್ಳೆಯನ್ನು ಬಿಟ್ಟು ಉಣುಗುಗಳನ್ನು ಹುಡುಕತೊಡಗಿದರು. ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋದರೆ ಅವು ಅಂಟಿಕೊಂಡು ಬರುತ್ತವೆ. ಹೀಮಫೈಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯಲ್ಲಿ ವೈರಸ್ ಸಿಕ್ಕಿತು. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಇದರ ಎಳೆಯ ಹಂತ; ಸಾಸಿವೆಯಷ್ಟು ಗಾತ್ರ. (ತೆರೆಯ ಮೇಲೆ ತೋರಿಸಲು ಇಷ್ಟು ಕಷ್ಟದ ಅಪರಾಧಿ ಇನ್ನೊಂದಿಲ್ಲ.) ಈ ಮರಿಗಳು ನವೆಂಬರಿನಿಂದ ಮೇ ತಿಂಗಳವರೆಗೆ ಹೇರಳ. ಮಲೆನಾಡಿನವರು ಅಡಿಕೆ ತೋಟಕ್ಕೆಂದು ತರಗೆಲೆ ಗುಡಿಸುವುದೂ, ಸೌದೆ ತರುವುದೂ ಆ ತಿಂಗಳುಗಳಲ್ಲೇ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲ ನೆಲಕ್ಕೆ ಉದುರುತ್ತವೆ; ಆ ಜಾಗವೇ ಅಪಾಯದ ಗೂಡು. ಮನುಷ್ಯನಿಂದ ಮನುಷ್ಯನಿಗೆ ಮಾತ್ರ ರೋಗ ಹರಡುವುದಿಲ್ಲ.

ಇದು 1957ರಲ್ಲೇ ಏಕೆ ಎದ್ದಿತು? ವಲಸೆ ಹಕ್ಕಿಗಳು ಉಣುಗುಗಳ ಮೂಲಕ ವೈರಸ್ಸನ್ನು ಉತ್ತರದಿಂದ ತಂದವೇ ಎಂಬ ಸಂಶಯದಿಂದ ಸಲೀಂ ಅಲಿ ಅವರ ಬಳಗ ಹಕ್ಕಿಗಳನ್ನು ಹಿಡಿದು ಪರೀಕ್ಷಿಸಿತು. ಹಕ್ಕಿಗಳ ಬಗ್ಗೆ ನಮಗೆ ಬಹಳ ತಿಳಿಯಿತು, ವೈರಸ್ಸಿನ ಬಗ್ಗೆ ಅಷ್ಟಿಲ್ಲ. ನನಗೆ ಹೆಚ್ಚು ಸರಿಯೆನಿಸುವುದು 1969ರಲ್ಲಿ ಯೋರ್ಗೆ ಬೊಷೆಲ್ ಮುಂದಿಟ್ಟ ವಿವರಣೆ. ವೈರಸ್ ಈ ಕಾಡಿನಲ್ಲಿ ಸಣ್ಣ ಪ್ರಾಣಿಗಳ ನಡುವೆ ಹಿಂದಿನಿಂದಲೂ ಇತ್ತು. ಜನ ಹೆಚ್ಚಿದರು, ಕಾಡು ಕಡಿದು ಗದ್ದೆ ಮಾಡಿದರು, ದನಗಳನ್ನು ಕಾಡಿಗೆ ಮೇಯಲು ಬಿಟ್ಟರು. ಬೆಳೆದ ಉಣುಗಿಗೆ ದನವೇ ಹಬ್ಬದೂಟ. ರಕ್ತ ಹೀರಿ ಉದುರಿದ ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಅದು ವೈರಸ್ಸನ್ನು ಹಬ್ಬಿಸುವುದೂ ಇಲ್ಲ; ಉಣುಗುಗಳ ಸಂತತಿಯನ್ನು ಮಾತ್ರ ಬೆಳೆಸುತ್ತದೆ. 1982ರಲ್ಲಿ ಬೆಳ್ತಂಗಡಿ ಬಳಿ ಗೇರು ತೋಟಕ್ಕೆಂದು ಕಾಡು ಕಡಿದ ಬೆನ್ನಿಗೇ ಅಲ್ಲಿ ದೊಡ್ಡ ಸಾಂಕ್ರಾಮಿಕ ಎದ್ದು ಸಾವಿರಕ್ಕೂ ಹೆಚ್ಚು ಜನ ಮಲಗಿದ್ದು ಬೊಷೆಲ್ ಮಾತಿಗೆ ಒದಗಿದ ಕಹಿ ಸಾಕ್ಷ್ಯ.

ಜನ ಇದನ್ನು ಮಂಗನ ಕಾಯಿಲೆ ಎಂದೇ ಕರೆದರು. ಪಾಪ, ಮಂಗ ನಮಗಿಂತ ಮೊದಲು ಸಾಯುವ ರೋಗಿಯೇ ಹೊರತು ತಪ್ಪಿತಸ್ಥನಲ್ಲ.

ಔಷಧದ ಕಥೆ ಅಷ್ಟು ಸಂತೋಷದ್ದಲ್ಲ. ಟೈಫಾಯಿಡ್ಡಿಗೆ ಆ ಕಾಲಕ್ಕಾಗಲೇ ಕ್ಲೋರಾಂಫೆನಿಕಾಲ್ ಇತ್ತು. ಈ ವೈರಸ್ಸನ್ನು ಕೊಲ್ಲುವ ಮದ್ದು ಇನ್ನೂ ಇಲ್ಲ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ರಷ್ಯಾದ ಜ್ವರದ ಲಸಿಕೆಯನ್ನು ಮೊದಲು ಕೊಟ್ಟು ನೋಡಿದರು, ಫಲವಾಗಲಿಲ್ಲ. ಬಳಿಕ ಈ ವೈರಸ್ಸಿನಿಂದಲೇ ಲಸಿಕೆ ತಯಾರಾಯಿತು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಎರಡು ಚುಚ್ಚುಮದ್ದಿನ ರಕ್ಷಣೆ ಶೇಕಡ 62ರಷ್ಟು, ಮತ್ತೊಂದು ಸೇರಿದರೆ 83ರಷ್ಟು ಎಂದು ಕಂಡಿತು. 2018-19ರಲ್ಲಿ ನೆರೆಯ ಸಾಗರ ತಾಲೂಕಿನ ಅರಳಗೋಡಿನಲ್ಲಿ ರೋಗ ಮತ್ತೆ ಜೀವಗಳನ್ನು ಬಲಿ ತೆಗೆದುಕೊಂಡಿತು. ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಅಲ್ಲಿಂದೀಚೆಗೆ ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವ ತೈಲ, ಮರಳಿದ ಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಹೇಳಿ ಕಳಿಸುವುದು ಇವುಗಳ ಮೇಲೆಯೇ ಹಳ್ಳಿಗಳು ನಿಂತಿವೆ.