ಟ್ರಯಂಫ್ ಮೋಟಾರ್ ಸೈಕಲ್ಲಿನ ಮರುಹುಟ್ಟು

ನಮ್ಮ ಪ್ರೌಢಶಾಲೆ ಆರಂಭವಾದ 1975ರಲ್ಲೇ ಇಂಗ್ಲೆಂಡಿನ ಮೆರಿಡನ್ ಎಂಬ ಹಳ್ಳಿಯಲ್ಲಿ ಒಂದು ಅಪರೂಪದ ಪ್ರಯೋಗ ಶುರುವಾಯಿತು. ಮಾಲೀಕರು ಮುಚ್ಚಲು ಹೊರಟಿದ್ದ ಟ್ರಯಂಫ್ ಮೋಟಾರ್ ಸೈಕಲ್ ಕಾರ್ಖಾನೆಯನ್ನು ಕಾರ್ಮಿಕರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸತೊಡಗಿದರು. ಇಂದು ನಮ್ಮ ರಸ್ತೆಗಳಲ್ಲೂ ಟ್ರಯಂಫ್ ಓಡುತ್ತಿದೆ. ಆದರೆ ಆ ಕಾರ್ಖಾನೆ ಈಗಿಲ್ಲ. ಹೆಸರು ಉಳಿದದ್ದು ಹೇಗೆ, ಅದನ್ನು ಉಳಿಸಿದವರಾರು ಎಂಬುದು ತಿಳಿಯಬೇಕಾದ ಚರಿತ್ರೆ.

ಜರ್ಮನಿಯ ನ್ಯೂರೆಂಬರ್ಗ್‌ನಿಂದ ಇಂಗ್ಲೆಂಡಿಗೆ ಬಂದ ಸೀಗ್‌ಫ್ರೀಡ್ ಬೆಟ್‌ಮನ್ 1886ರಲ್ಲಿ ಸೈಕಲ್ ವ್ಯಾಪಾರಕ್ಕೆ ಟ್ರಯಂಫ್ ಎಂಬ ಹೆಸರಿಟ್ಟರು. ಮುಂದೆ ಕೊವೆಂಟ್ರಿ ನಗರದಲ್ಲಿ ಕಾರ್ಖಾನೆ ಕಟ್ಟಿ, 1902ರಲ್ಲಿ ಮೊದಲ ಮೋಟಾರ್ ಸೈಕಲ್ ಹೊರತಂದರು. 1937ರಲ್ಲಿ ಎಡ್ವರ್ಡ್ ಟರ್ನರ್ ರೂಪಿಸಿದ, ಎರಡು ಸಿಲಿಂಡರ್ ಅಕ್ಕಪಕ್ಕ ನಿಂತ ಸ್ಪೀಡ್ ಟ್ವಿನ್ ಎಂಜಿನ್ ಇತರ ಕಂಪನಿಗಳಿಗೂ ಮಾದರಿಯಾಯಿತು. 1940ರ ನವೆಂಬರ್‌ನಲ್ಲಿ ಜರ್ಮನ್ ವಿಮಾನಗಳ ಬಾಂಬ್ ದಾಳಿಗೆ ಕಾರ್ಖಾನೆ ನಾಶವಾಯಿತು. ಎರಡೇ ವರ್ಷದಲ್ಲಿ ಅದು ಮೆರಿಡನ್‌ನಲ್ಲಿ ಮತ್ತೆ ಎದ್ದಿತು. 1959ರ ಬಾನ್‌ವಿಲ್ ಬೈಕು ಅಮೆರಿಕದ ಯುವಕರ ಮನಸ್ಸು ಗೆದ್ದಿತು.

ಆದರೆ ಗೆದ್ದ ಎಂಜಿನ್ನನ್ನೇ ನೆಚ್ಚಿ ಕೂತದ್ದು ಮುಳುವಾಯಿತು. 1969ರಲ್ಲಿ ಜಪಾನಿನ ಹೋಂಡಾ ಸಿಬಿ 750 ಬಂದಿತು. ನಾಲ್ಕು ಸಿಲಿಂಡರ್, ಗುಂಡಿ ಒತ್ತಿದರೆ ಸ್ಟಾರ್ಟ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ಕಿಕ್ ಹೊಡೆದು, ಸೋರುವ ಆಯಿಲ್ ಒರೆಸುತ್ತಿದ್ದ ಸವಾರರು ಅತ್ತ ತಿರುಗಿದರು. 1973ರ ಸೆಪ್ಟೆಂಬರ್‌ನಲ್ಲಿ ಮೆರಿಡನ್ ಕಾರ್ಖಾನೆ ಮುಚ್ಚುವ ಪ್ರಕಟಣೆ ಹೊರಬಿತ್ತು. ಕಾರ್ಮಿಕರು ಗೇಟಿಗೆ ಅಡ್ಡ ಕೂತರು. ಕೈಗಾರಿಕಾ ಸಚಿವ ಟೋನಿ ಬೆನ್ ಅವರ ಬೆಂಬಲದಿಂದ ಸುಮಾರು 50 ಲಕ್ಷ ಪೌಂಡುಗಳ ಸರ್ಕಾರಿ ಸಾಲ ಮತ್ತು ಅನುದಾನ ದೊರೆತು, 1975ರಲ್ಲಿ ಸಹಕಾರ ಸಂಘ ಕೆಲಸ ಆರಂಭಿಸಿತು. ಮೊದಮೊದಲು ಎಲ್ಲರಿಗೂ ಒಂದೇ ಸಂಬಳ. ಹೊಸ ಎಂಜಿನ್ ರೂಪಿಸುವಷ್ಟು ಬಂಡವಾಳ ಮಾತ್ರ ಅವರಲ್ಲಿರಲಿಲ್ಲ. 1983ರಲ್ಲಿ ಬೀಗ ಬಿತ್ತು. ಆ ಜಾಗದಲ್ಲಿ ಮನೆಗಳೆದ್ದವು. ಅಲ್ಲಿನ ಒಂದು ಬೀದಿಗೆ ಬಾನ್‌ವಿಲ್ ಎಂಬ ಹೆಸರು ಮಾತ್ರ ಉಳಿಯಿತು.

ಟ್ರಯಂಫ್ ಹೆಸರು ಮತ್ತು ತಯಾರಿಕೆಯ ಹಕ್ಕನ್ನು ಕೊಂಡವರು ಜಾನ್ ಬ್ಲೋರ್. ಗೋಡೆಗೆ ಗಾರೆ ಮಾಡುವ ಕೆಲಸದಿಂದ ಬದುಕು ಆರಂಭಿಸಿ, ಮನೆ ಕಟ್ಟಿಸುವ ಉದ್ಯಮಿಯಾದವರು. ಬೇರೊಬ್ಬರಿಗೆ ಪರವಾನಗಿ ಕೊಟ್ಟು 1985ರಿಂದ 1988ರವರೆಗೆ ಹಳೆಯ ಬಾನ್‌ವಿಲ್ ತಯಾರಾಗುವಂತೆ ನೋಡಿಕೊಂಡರು. ತಾವು ಮಾತ್ರ ಅವಸರಪಡಲಿಲ್ಲ. ಜಪಾನಿನ ಕಾರ್ಖಾನೆಗಳನ್ನು ನೋಡಿ ಬಂದು, ಹಿಂಕ್ಲಿ ಪಟ್ಟಣದಲ್ಲಿ ಹೊಸ ಕಾರ್ಖಾನೆ ಕಟ್ಟಿಸಿದರು. 1990ರಲ್ಲಿ ಜರ್ಮನಿಯ ಕಲೋನ್ ಪ್ರದರ್ಶನದಲ್ಲಿ ತೋರಿಸಿದ್ದು ಹಳೆಯ ಬೈಕಿನ ನಕಲಲ್ಲ. ನೀರಿನಿಂದ ತಣಿಯುವ ಮೂರು ಮತ್ತು ನಾಲ್ಕು ಸಿಲಿಂಡರ್‌ಗಳ ಹೊಸ ಯಂತ್ರಗಳು. ಬಿಡಿಭಾಗಗಳು ಹಲವು ಮಾದರಿಗಳಿಗೆ ಹೊಂದುವಂತಿದ್ದುದರಿಂದ ಖರ್ಚು ಹಿಡಿತದಲ್ಲಿತ್ತು.

ಗಟ್ಟಿತನದ ಬಗ್ಗೆ ನಂಬಿಕೆ ಹುಟ್ಟಿದ ಮೇಲೆ, 2001ರಲ್ಲಿ ಬಾನ್‌ವಿಲ್ ಮರಳಿತು. ರೂಪ ಹಳೆಯದು, ಒಳಗೆ ಹೊಸದು. ಮುಂದೆ ಇಂಧನ ಇಂಜೆಕ್ಷನ್ ಬಂದಾಗ ಅದನ್ನು ಕಾರ್ಬುರೇಟರ್‌ನಂತೆ ಕಾಣುವ ಕವಚದೊಳಗೆ ಅಡಗಿಸಿದರು. 2002ರ ಮಾರ್ಚ್‌ನ ಬೆಂಕಿ ಅನಾಹುತವನ್ನೂ ದಾಟಿ, ಅದೇ ವರ್ಷ ತಯಾರಿಕೆ ಮತ್ತೆ ಶುರುವಾಯಿತು. 2023ರಲ್ಲಿ ಬಜಾಜ್ ಸಹಯೋಗದ ಸ್ಪೀಡ್ 400 ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಾಗತೊಡಗಿತು.

ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು. 2018ರಲ್ಲಿ ಜಾವಾ ಹೆಸರು ಮರಳಿದಾಗ ಬೈಕು ತಯಾರಾದದ್ದು ಮಧ್ಯಪ್ರದೇಶದಲ್ಲಿ. ಮೆರಿಡನ್ನಿನವರ ಪಾಲಿಗೂ ಇಂಥದ್ದೇ ಆಯಿತು. ಬ್ಲೋರ್ ಅವರ ತಾಳ್ಮೆ ಮತ್ತು ಹಣ ದೊಡ್ಡದು, ನಿಜ. ಆದರೆ ಎಂಟು ವರ್ಷ ಆ ಕಾರ್ಮಿಕರು ಯಂತ್ರ ನಿಲ್ಲಿಸದೆ ದುಡಿದಿದ್ದರಿಂದಲೇ ಕೊಳ್ಳಲು ಯೋಗ್ಯವಾದ ಒಂದು ಹೆಸರು ಉಳಿದಿತ್ತು. ಟ್ರಯಂಫ್ ಚರಿತ್ರೆಯನ್ನು ಹೇಳುವಾಗ ಮರಳಿ ತಂದವರ ಜತೆಗೆ, ಅಲ್ಲಿಯವರೆಗೆ ಕಾಯ್ದವರ ಲೆಕ್ಕವನ್ನೂ ಬರೆದಿಡಬೇಕು. ಐವತ್ತು ವರ್ಷ ತುಂಬಿದ ಯಾವ ಸಂಸ್ಥೆಗೂ ಈ ಮಾತು ಸಲ್ಲುತ್ತದೆ.